ಹಳೇ ರೋಡ್ ಟೆಸ್ಟುಗಳನ್ನು ಕೊನೇ ಪುಟದಿಂದ ಓದಿ

ಇಂಗ್ಲೆಂಡ್, ಅಮೆರಿಕದ ಹಳೇ ಕಾರು ಪತ್ರಿಕೆಗಳಲ್ಲಿ ಬಂದ ರೋಡ್ ಟೆಸ್ಟುಗಳನ್ನು, ಅಂದರೆ ಹೊಸ ಕಾರನ್ನು ಓಡಿಸಿ ಅಳೆದು ಬರೆದ ವರದಿಗಳನ್ನು, ಮಾಡೆಲ್ ಪ್ರಕಾರ ಒಟ್ಟು ಮಾಡಿ ಮರುಮುದ್ರಣ ಮಾಡಿರೋ ಸಂಪುಟಗಳು ಸಿಗುತ್ತವೆ. ಟ್ರಯಂಫ್ ಹೆರಾಲ್ಡಿಗೆ ಒಂದು, ಜಾಗ್ವಾರ್ ಇ-ಟೈಪಿಗೆ ಒಂದು, ಹೀಗೆ. ಶಿವಮೊಗ್ಗದಲ್ಲಿ ಹಳೇ ಕಾರಿನ ಹುಚ್ಚು ಹಿಡಿದಿರೋ ನಮ್ಮ ಸಣ್ಣ ಗುಂಪಿನಲ್ಲಿ ಇವು ಕೈಯಿಂದ ಕೈಗೆ ತಿರುಗುತ್ತಲೇ ಇರುತ್ತವೆ. ಈ ಮಳೆಗಾಲದಲ್ಲಿ ಮತ್ತೊಮ್ಮೆ ಕೂತು ಓದಿದೆ. ದುಡ್ಡು ಕೊಟ್ಟು ತಗೊಳ್ಳಬಹುದಾ ಅಂತ ಕೇಳಿದರೆ, ಧಾರಾಳವಾಗಿ ತಗೊಳ್ಳಿ. ಆದರೆ ಬರಹಕ್ಕೋಸ್ಕರ ಅಲ್ಲ, ಪ್ರತಿ ಟೆಸ್ಟಿನ ಕೊನೆಗೆ ಬರೋ ಅಂಕಿಗಳ ಪುಟಕ್ಕೋಸ್ಕರ.

ಆ ಪುಟ ನೋಡಿದರೆ ಪಂಚಾಂಗದ ಹಾಗಿರುತ್ತೆ. ಸಣ್ಣ ಅಕ್ಷರ, ಗೆರೆ ಎಳೆದ ಮನೆಗಳು, ಮನೆ ತುಂಬಾ ಅಂಕಿ. ಕನ್ನಡಕ ಬೇಕೇ ಬೇಕು. ಸ್ಪೀಡೋಮೀಟರ್ ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತೆ ಅಂತ ಟೆಸ್ಟ್ ಮಾಡೋರಿಗೆ ಆಗಲೇ ಗೊತ್ತಿತ್ತು, ಅದಕ್ಕೆ ಕಾರಿನ ಹಿಂದೆ ಸೈಕಲ್ ಚಕ್ರದಂಥ ಐದನೇ ಚಕ್ರ ಕಟ್ಟಿಕೊಂಡು ನಿಜವಾದ ವೇಗ ಅಳೆಯುತ್ತಿದ್ದರು. ಟ್ಯಾಪ್ಲಿ ಮೀಟರ್ ಅನ್ನೋ ಪುಟ್ಟ ಉಪಕರಣ ಇಟ್ಟು ಯಾವ ಗೇರಿನಲ್ಲಿ ಎಂಥ ಏರು ಹತ್ತುತ್ತೆ ಅಂತ ಲೆಕ್ಕ ಹಾಕುತ್ತಿದ್ದರು. "1 ಇನ್ 8" ಅಂತ ಬರೆದಿದ್ದರೆ ಎಂಟು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೆ ಏರೋ ರಸ್ತೆ ಅಂತ ಅರ್ಥ. ಬ್ರೇಕ್ ಪೆಡಲನ್ನು ಎಷ್ಟು ಪೌಂಡ್ ಒತ್ತಿದರೆ ಕಾರು ಎಷ್ಟು ಬೇಗ ನಿಲ್ಲುತ್ತೆ, ಎಡಕ್ಕೆ ಪೂರ್ತಿ ತಿರುಗಿಸಿದರೆ ಎಷ್ಟು ಜಾಗ ಬೇಕು, ಬಲಕ್ಕೆ ಎಷ್ಟು, ಅದೂ ಬೇರೆಬೇರೆ. ಟಾಪ್ ಗೇರಿನಲ್ಲೇ ಗಂಟೆಗೆ 20 ಮೈಲಿ ವೇಗದಿಂದ 40 ಮೈಲಿಗೆ ಬರೋಕೆ ಎಷ್ಟು ಸೆಕೆಂಡ್ ಅನ್ನೋದೂ ಇರುತ್ತೆ. ನಮ್ಮ ರಸ್ತೆಯಲ್ಲಿ ಬೇಕಾಗಿರೋದು ಇದೇ ಅಲ್ವಾ? ತೀರ್ಥಹಳ್ಳಿ ರಸ್ತೆಯಲ್ಲಿ ಅಡಿಕೆ ತುಂಬಿದ ಲಾರಿ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಸೊನ್ನೆಯಿಂದ 60 ಯಾಕೆ ಬೇಕು?

ಹೆರಾಲ್ಡ್ ಸಂಪುಟವನ್ನೇ ತಗೊಳ್ಳಿ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಈ ಕಾರು ಇಂಗ್ಲೆಂಡಿನಲ್ಲಿ ಬಂದಿದ್ದು 1959ರಲ್ಲಿ, ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅದರ ರೂಪ ಬಿಡಿಸಿದವರು. ಆಮೇಲೆ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಾಯಿತು. ನಾಲ್ಕು ಬಾಗಿಲಿನ ಹೆರಾಲ್ಡ್ ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ಬರಲೇ ಇಲ್ಲ. ಶುರುವಿನ 948 ಸಿಸಿ ಎಂಜಿನ್ನಿನ ಅಂಕಿ ನೋಡಿದರೆ ನಗು ಬರುತ್ತೆ, 60 ಮೈಲಿ ಮುಟ್ಟೋಕೆ ಅರ್ಧ ನಿಮಿಷದ ಆಸುಪಾಸು. ಆದರೆ ಅದೇ ಪುಟದಲ್ಲಿ ಸ್ವಲ್ಪ ಕೆಳಗೆ ಬನ್ನಿ. ಪೂರ್ತಿ ಒಂದು ಸುತ್ತು ತಿರುಗೋಕೆ ಬೇಕಾಗಿದ್ದು ಸುಮಾರು 25 ಅಡಿ, ಅಂದರೆ 7.6 ಮೀಟರ್! ಇವತ್ತಿನ ಬಹಳಷ್ಟು ಸಣ್ಣ ಕಾರುಗಳಿಗೂ ಅಷ್ಟು ಜಾಗ ಸಾಲಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು ಇವೆ. ನಮ್ಮ ಗುಂಪಿನ ಹಿರಿಯರೊಬ್ಬರ ಹೆರಾಲ್ಡಿನಲ್ಲಿ ಅಲ್ಲಿ ಇಳಿದು ನೋಡಿದರೆ ಆ 25 ಅಡಿಯ ಬೆಲೆ ಗೊತ್ತಾಗುತ್ತೆ. ಕೆಳಗಿನಿಂದ ಮಿನಿ ಬಸ್ ಹಾರ್ನ್ ಹೊಡೀತಾ ಬರುತ್ತೆ, ತಿರುವಿನ ಒಳಬದಿಯಲ್ಲಿ ಒಂದು ಕಾರು ನಿಲ್ಲುವಷ್ಟೇ ಜಾಗ. ಹೆರಾಲ್ಡ್ ಮೂತಿ ಒಳಗೆ ತೂರಿಸಿಕೊಂಡು ಸುಮ್ನೆ ತಿರುಗಿಬಿಡುತ್ತೆ. ಅಂಬಾಸಿಡರ್ ಆಗಿದ್ದರೆ ಬಸ್ ಹೋಗಲಿ ಅಂತ ಮೇಲೇ ಕಾಯಬೇಕು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿಕೊಳ್ಳೋದೂ ಒಂದು ಸುಖ. ರೇಡಿಯೇಟರ್ ಕಾದಾಗ ಮುಂದಿನ ಟೈರ್ ಮೇಲೆ ಕೂತುಕೊಂಡೇ ಕೆಲಸ ಮಾಡಬಹುದು.

ಹಿಂದಿನ ಚಕ್ರಗಳ ವಿಚಾರ ಬೇರೆ. ಹೆರಾಲ್ಡಿನದ್ದು ಸ್ವಿಂಗ್ ಆಕ್ಸಲ್, ಅಂದರೆ ಹಿಂದಿನ ಒಂದೊಂದು ಚಕ್ರವೂ ತನ್ನ ಅರ್ಧ ಆಕ್ಸಲ್ ಸಮೇತ ಬೇರೆಬೇರೆಯಾಗಿ ಮೇಲೆಕೆಳಗೆ ತೂಗೋ ಜೋಡಣೆ. ಜೋರಾಗಿ ತಿರುವು ತಗೊಂಡು ಮಧ್ಯದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಎದ್ದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಹಿಂದಿನ ಹಿಡಿತ ತಪ್ಪುತ್ತೆ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗೂ ಇದೇ ಕಾಯಿಲೆ ಇತ್ತು. ಘಾಟಿಯ ಹೇರ್‌ಪಿನ್‌ನಲ್ಲಿ ಇದರ ಭಯ ಬೇಡ, ಅಲ್ಲಿ ಅಷ್ಟು ವೇಗವೇ ಬರಲ್ಲ. ಭಯ ಪಡಬೇಕಾಗಿರೋದು ಮಂಡಗದ್ದೆ ಕಡೆಯ ಉದ್ದುದ್ದ ತಿರುವುಗಳಲ್ಲಿ, ಅದೂ ಮೊದಲ ಮಳೆ ಬಿದ್ದು ರಸ್ತೆ ಜಾರುವಾಗ.

ಬ್ರೇಕಿನ ಅಂಕಿಗಳನ್ನೂ ಬಿಡಬೇಡಿ. ಆ ಕಾಲದ ಬಹಳಷ್ಟು ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕೇ. ಬಿಸಿಯಾದರೆ ಡ್ರಮ್ ಹಿಗ್ಗುತ್ತೆ, ಲೈನಿಂಗಿನ ಹಿಡಿತ ಕಡಿಮೆಯಾಗುತ್ತೆ, ಪೆಡಲ್ ಕೆಳಕ್ಕೆ ಹೋಗುತ್ತೆ. ಒಂದರ ಹಿಂದೊಂದು ಬ್ರೇಕ್ ಹಾಕಿ ಪೆಡಲ್ ಮೇಲೆ ಎಷ್ಟು ಭಾರ ಹೆಚ್ಚಿಸಬೇಕಾಯಿತು ಅಂತ ಕೆಲವು ಟೆಸ್ಟುಗಳಲ್ಲಿ ಬರೆದಿದ್ದಾರೆ. ನೀರಿನಲ್ಲಿ ಕಾರು ಓಡಿಸಿ ಆಮೇಲೆ ಬ್ರೇಕ್ ಹಾಕಿ ನೋಡಿದವರೂ ಇದ್ದಾರೆ. ಹುಲಿಕಲ್ ಘಾಟಿ ಇಳಿಯೋ ಮುಂಚೆ ಓದಬೇಕಾದ ಸಾಲುಗಳು ಇವು. ಬಹಳ ಜನ ಇದನ್ನೇ ಹಾರಿಸಿ ಮುಂದೆ ಹೋಗುತ್ತಾರೆ.

ಈಗ ಟಾಪ್ ಸ್ಪೀಡ್ ವಿಚಾರ. 1961ರಲ್ಲಿ ಇ-ಟೈಪ್ ಬಂದಾಗ ಆಟೋಕಾರ್ ಪತ್ರಿಕೆಯ ಟೆಸ್ಟಿನಲ್ಲಿ ಅದು ಗಂಟೆಗೆ 150 ಮೈಲಿ, ಅಂದರೆ 241 ಕಿ.ಮೀ. ದಾಟಿತು. ಲೋಕವೆಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಆದರೆ ಟೆಸ್ಟಿಗೆ ಕೊಟ್ಟ ಕಾರನ್ನು ಕಂಪನಿಯವರು ವಿಶೇಷವಾಗಿ ಸಜ್ಜು ಮಾಡಿದ್ದರು, ಶೋರೂಮಿನಲ್ಲಿ ಕೊಂಡವರ ಕಾರು ಆ ವೇಗ ಮುಟ್ಟೋದು ಕಷ್ಟವಾಗಿತ್ತು ಅನ್ನೋದು ಈಗ ಎಲ್ಲರಿಗೂ ಗೊತ್ತಿರೋ ಕತೆ. ಅಳೆದವರು ಸರಿಯಾಗೇ ಅಳೆದರು, ಅಳೆಯೋಕೆ ಕೊಟ್ಟ ವಸ್ತುವೇ ಬೇರೆ. ಹೊಗಳಿಕೆಯ ಬರಹ ಓದುವಾಗ ಇದು ನೆನಪಿರಲಿ. 265 ಕುದುರೆಶಕ್ತಿ ಅಂತ ಹೇಳಿದ್ದೂ ಗ್ರಾಸ್ ಲೆಕ್ಕ. ಎಂಜಿನ್ನನ್ನು ಹೊರಗೆ ಬೆಂಚ್ ಮೇಲಿಟ್ಟು, ಅದರ ಶಕ್ತಿ ತಿನ್ನೋ ಕೆಲವು ಭಾಗಗಳಿಲ್ಲದೆ ಅಳೆದದ್ದು. ಕಾರಿನೊಳಗೆ ಕೂರಿಸಿದ ಮೇಲೆ ಅಷ್ಟು ಸಿಗಲ್ಲ.

ಮೈಲೇಜ್ ಲೆಕ್ಕದಲ್ಲೂ ಎಡವೋರು ಜಾಸ್ತಿ. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ ಗ್ಯಾಲನ್ 3.785 ಲೀಟರ್. ಗ್ಯಾಲನ್ನಿಗೆ 30 ಮೈಲಿ ಅಂತ ಬ್ರಿಟಿಷ್ ಪತ್ರಿಕೆ ಬರೆದರೆ ಲೀಟರಿಗೆ 10.6 ಕಿ.ಮೀ., ಅಮೆರಿಕದ್ದು ಬರೆದರೆ 12.8 ಕಿ.ಮೀ. ಒಂದೇ ಸಂಪುಟದಲ್ಲಿ ಎರಡೂ ದೇಶದ ಟೆಸ್ಟುಗಳನ್ನು ಪಕ್ಕಪಕ್ಕ ಹಾಕಿರುತ್ತಾರೆ, ಎಚ್ಚರಿಕೆಯ ಒಂದು ಸಾಲೂ ಇರಲ್ಲ.

ಈ ಟೆಸ್ಟುಗಳಿಗೆ ಕಾಣದೇ ಇದ್ದದ್ದು ತುಕ್ಕು. ಕೆಲವೇ ದಿನ ಕೈಯಲ್ಲಿಟ್ಟುಕೊಂಡು ಓಡಿಸಿದ ಹೊಸ ಕಾರಿನಲ್ಲಿ ತುಕ್ಕು ಎಲ್ಲಿಂದ ಕಾಣಬೇಕು? 1972ರಲ್ಲಿ ಬಂದ ಲಾನ್ಸಿಯಾ ಬೀಟಾ ಓಡಿಸೋಕೆ ಒಳ್ಳೇ ಕಾರು ಅಂತ ಹೆಸರು ಮಾಡಿತು. ಆಮೇಲೆ ಎಂಜಿನ್ ಹೊತ್ತ ಸಬ್‌ಫ್ರೇಮೇ ತುಕ್ಕು ತಿಂದು, 1980ರಲ್ಲಿ ಬ್ರಿಟನ್ನಿನಲ್ಲಿ ಕಂಪನಿ ಹಾಳಾದ ಕಾರುಗಳನ್ನು ವಾಪಸ್ ಕೊಂಡುಕೊಳ್ಳಬೇಕಾಯಿತು. ಅಲ್ಲಿನ ಮಳೆಗೇ ಈ ಗತಿ. ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯೋ ಆಗುಂಬೆಯಲ್ಲಿ ಅದನ್ನು ಒಂದು ಮಳೆಗಾಲ ಶೆಡ್ಡಿನಲ್ಲಿ ನಿಲ್ಲಿಸಿದ್ದರೆ ಏನು ಉಳಿಯುತ್ತಿತ್ತೋ! ಹೆರಾಲ್ಡಿನ ಬಾಡಿಯೂ ಬೋಲ್ಟ್ ಹಾಕಿ ಜೋಡಿಸಿದ ತುಂಡುಗಳದ್ದು. ಸಂದಿಗಳಲ್ಲಿ ನೀರು ಇಳಿಯುತ್ತೆ, ಕಾಲ ಕೆಳಗಿನ ಮ್ಯಾಟು ಎತ್ತಿದರೆ ಆಷಾಢದಲ್ಲಿ ಬೂಸು ವಾಸನೆ.

ಇನ್ನೊಂದು ಮೋಸ ಇದೆ, ಅದಕ್ಕೆ ಪತ್ರಿಕೆಯವರನ್ನು ಬೈಯೋ ಹಾಗಿಲ್ಲ. ರೋವರ್ ಎಸ್‌ಡಿ1 ಟೆಸ್ಟು ಓದಿ ನಮ್ಮ ಸ್ಟ್ಯಾಂಡರ್ಡ್ 2000 ಬಗ್ಗೆ ಕನಸು ಕಾಣಬೇಡಿ. ಆ ರೋವರ್ 1977ರ ಯುರೋಪಿನ ವರ್ಷದ ಕಾರು, ಹೆಸರು ತಂದುಕೊಟ್ಟಿದ್ದು 3.5 ಲೀಟರಿನ ವಿ8 ಎಂಜಿನ್. ಇಲ್ಲಿ 1985ರಲ್ಲಿ ಅದೇ ಮೈಕಟ್ಟಿನೊಳಗೆ 1,991 ಸಿಸಿಯ ತುಂಬಾ ಹಳೇ ಎಂಜಿನ್ ಇಟ್ಟು ಮಾರಿದರು. ಪಿಕಪ್ ಇಲ್ಲ, ಪೆಟ್ರೋಲ್ ಮಾತ್ರ ಕುಡೀತಿತ್ತು. ಕೆಲವೇ ವರ್ಷದಲ್ಲಿ ನಿಂತುಹೋಯಿತು. ಇದಕ್ಕೆ ಉಲ್ಟಾ ಅಂಬಾಸಿಡರ್. ಅದರ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅಂಕಿಗಳ ಪುಟದಲ್ಲಿ ಅದು ಯಾರ ಕಣ್ಣೂ ಸೆಳೆಯಲ್ಲ, ಆದರೆ ಡಿಕ್ಕಿಗೆ ಅಡಿಕೆ ಮೂಟೆ, ಹಿಂದಿನ ಸೀಟಿಗೆ ಐದು ಜನ ತುಂಬಿಕೊಂಡು ಕೊಪ್ಪ, ಶೃಂಗೇರಿ ಕಡೆಯ ಮಣ್ಣು ರಸ್ತೆಯಲ್ಲಿ ಕಾಲ ಕಳೆದದ್ದು ಅದೇ. ಐದು ಜನ ಕೂರಿಸಿ ಅಡಿಕೆ ಹೇರಿ ಟೆಸ್ಟ್ ಮಾಡಿ ಅಂತ ಇಂಗ್ಲೆಂಡಿನವರಿಗೆ ಯಾರು ಹೇಳಬೇಕಿತ್ತು!

ಸಂಪುಟಗಳ ಮೇಲೆ ದೂರೂ ಇದೆ. ಫೋಟೋಗಳು ಮಸಿ ಬಳಿದ ಹಾಗೆ ಬಂದಿವೆ, ಎಂಜಿನ್ನಿನ ಒಳಗು ತೋರಿಸೋ ಚಂದದ ಚಿತ್ರಗಳಲ್ಲಿ ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದೇ ಕಾರನ್ನು ಮೂರು ಪತ್ರಿಕೆ ಹೆಚ್ಚುಕಮ್ಮಿ ಅದೇ ಮಾತಿನಲ್ಲಿ ಹೊಗಳಿದ್ದನ್ನೂ ಬಿಡದೆ ಸೇರಿಸಿದ್ದಾರೆ. ತೆಳ್ಳನೆ ಪುಸ್ತಕಕ್ಕೆ ವಿದೇಶದಿಂದ ತರಿಸೋ ಖರ್ಚು ಸೇರಿದರೆ ಬೆಲೆ ಜಾಸ್ತಿನೇ. ನನ್ನ ಪ್ರತಿಯ ಬೈಂಡಿಂಗ್ ಈಗಾಗಲೇ ಬಿಚ್ಚಿಕೊಂಡಿದೆ, ಮಲೆನಾಡಿನ ತೇವಕ್ಕೆ ಅಂಟು ನಿಲ್ಲಲ್ಲ.

ಯಾವುದು ಮೊದಲು ತಗೊಳ್ಳಲಿ ಅಂದರೆ, ನೀವು ಕೂತು ಓಡಾಡಿದ ಕಾರಿನದ್ದೇ ತಗೊಳ್ಳಿ. ಮನೆಯಲ್ಲಿ ಪ್ರೀಮಿಯರ್ ಪದ್ಮಿನಿ ಕಾರು ಇತ್ತಾ? ಹಾಗಾದರೆ ಅದರ ಮೂಲವಾದ ಫಿಯೆಟ್ 1100ರ ಟೆಸ್ಟುಗಳು. ಅದೇ 1,089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಇರೋ ಅದೇ ಗೇರು, ಓದುವಾಗ ಕೈ ತಾನಾಗೇ ಎರಡನೇ ಗೇರಿಗೆ ಹೋಗುತ್ತೆ. ಇ-ಟೈಪಿನ ಸಂಪುಟ ಬೇಕಿದ್ದರೆ ಕೊಂಡವರ ಹತ್ತಿರ ನಾಲ್ಕು ದಿನಕ್ಕೆ ಕೇಳಿ ತಗೊಂಡರೆ ಸಾಕು.