ಲಿಚೆಸ್‌ನ ‘ಸ್ಟಡಿ’: ಮಾರ್ಫಿಯ ಆಟವನ್ನು ಬಿಡಿಸಿ ನೋಡಲು ಒಳ್ಳೆಯ ಸಾಧನ

ಹಳೆಯ ಚದುರಂಗದ ಆಟಗಳನ್ನು ನಡೆನಡೆಯಾಗಿ ಅಭ್ಯಾಸ ಮಾಡಬಯಸುವವರಿಗೆ ಲಿಚೆಸ್ ಜಾಲತಾಣದ ‘ಸ್ಟಡಿ’ ವಿಭಾಗವನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಈ ತಾಣ ದೇಣಿಗೆಯಿಂದಲೇ ನಡೆಯುತ್ತಿದ್ದು, ಇಲ್ಲಿ ಶುಲ್ಕವೂ ಇಲ್ಲ, ಜಾಹೀರಾತೂ ಇಲ್ಲ.

ಇದರ ಶಕ್ತಿಯನ್ನೂ ಮಿತಿಯನ್ನೂ ಅರಿಯಲು, ಅಮೆರಿಕದ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಬ್ರನ್ಸ್‌ವಿಕ್‌ನ ಡ್ಯೂಕ್ ಹಾಗೂ ಒಬ್ಬ ಕೌಂಟ್ ಜೊತೆಗೂಡಿ ಆಡಿದಾಗ ಅವರನ್ನು 17 ನಡೆಗಳಲ್ಲಿ ಸೋಲಿಸಿದ ಆಟವೊಂದೇ ಸಾಕು. ಫಿಲಿಡೋರ್ ರಕ್ಷಣೆ ಎಂಬ ಆರಂಭದ ಈ ಆಟದಲ್ಲಿ ಮಾರ್ಫಿಯದು ಬಿಳಿ. ಮೂರನೆಯ ನಡೆಯಲ್ಲಿ ಕಪ್ಪು ತನ್ನ ಒಂಟೆಯನ್ನು ಜಿ4 ಮನೆಗೆ ತಂದಿತು (ಹಲಗೆಯ ಉದ್ದಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕಿ). ಬಿಳಿಯ ಕಾಲಾಳು ಇ5ರಲ್ಲಿ ಹೊಡೆದೊಡನೆ, ಕಾಲಾಳಿನ ನಷ್ಟ ತಪ್ಪಿಸಲು ಆ ಒಂಟೆಯನ್ನು ಕುದುರೆಗೆ ಬದಲಾಗಿ ಕೊಡಲೇಬೇಕಾಯಿತು. ಬಿಳಿಯ ರಾಣಿಯೋ ಅನಾಯಾಸವಾಗಿ ಎಫ್3ಕ್ಕೆ ಬಂದು ಕುಳಿತಳು. ಆರನೆಯ ನಡೆಯಲ್ಲಿ ಕಪ್ಪು ಕುದುರೆ ಎಫ್6ಕ್ಕೆ ಬಂದು ಎಫ್7ರ ಮೇಲಿನ ಚೆಕ್‌ಮೇಟ್ ತಪ್ಪಿಸಿತಾದರೂ, ರಾಣಿ ಬಿ3ಕ್ಕೆ ಸರಿದು ಎಫ್7 ಮತ್ತು ಬಿ7 ಎರಡಕ್ಕೂ ಒಮ್ಮೆಲೇ ಗುರಿಯಿಡುವುದನ್ನು ಅದು ಗಮನಿಸಲಿಲ್ಲ. ನಡೆಗಳನ್ನು ಲೆಕ್ಕಹಾಕಿ ತೂಗುವ, ತಾಣದ ಸ್ಟಾಕ್‌ಫಿಶ್ ಎಂಜಿನ್ ಇಂತಹ ತಪ್ಪುಗಳನ್ನು ಕ್ಷಣದಲ್ಲಿ ಗುರುತಿಸುತ್ತದೆ.

ಆದರೆ ಎಂಜಿನ್ ಅಂಕಿಗಳನ್ನು ಕೊಡುತ್ತದೆಯೇ ಹೊರತು ಕಾರಣವನ್ನಲ್ಲ. ಎಂಟನೆಯ ನಡೆಯಲ್ಲಿ ಮಾರ್ಫಿ ಬಿ7ರ ಕಾಲಾಳನ್ನು ಹೊಡೆಯಬಹುದಿತ್ತು. ಆಗ ಕಪ್ಪು ತನ್ನ ರಾಣಿಯಿಂದ ಬಿ4ರಲ್ಲಿ ಚೆಕ್ ಕೊಟ್ಟು ರಾಣಿಗಳನ್ನು ಬದಲಾಯಿಸಿಕೊಳ್ಳುತ್ತಿತ್ತು, ಬಿಳಿಗೆ ಒಂದು ಕಾಲಾಳಿನ ಲಾಭ ಉಳಿಯುತ್ತಿತ್ತು. ಅದನ್ನು ಬಿಟ್ಟು ಆತ ಕುದುರೆಯನ್ನು ಸಿ3ಕ್ಕೆ ಏಕೆ ತಂದ? ಎದುರಾಳಿಯ ಎಫ್8ರ ಒಂಟೆ ಮತ್ತು ಎಚ್8ರ ಆನೆ ಆಟ ಮುಗಿಯುವವರೆಗೂ ಕದಲಲೇ ಇಲ್ಲವೆಂಬುದನ್ನು ಕಂಡಾಗ ಉತ್ತರ ಹೊಳೆಯುತ್ತದೆ: ಕಾಲಾಳಿಗಿಂತ ಸಮಯವೇ, ಅಂದರೆ ಕಾಯಿಗಳನ್ನು ಬೇಗ ಹೊರತರುವುದೇ, ಅಲ್ಲಿ ಬೆಲೆಯುಳ್ಳದ್ದಾಗಿತ್ತು. ಪ್ರತಿ ನಡೆಯ ಕೆಳಗೂ ಟಿಪ್ಪಣಿ ಬರೆಯಲು, ಹಲಗೆಯ ಮೇಲೆ ಬಾಣ ಎಳೆಯಲು ಸ್ಟಡಿಯಲ್ಲಿ ಅವಕಾಶವಿದೆ. ಆದ್ದರಿಂದ ಮೊದಲು ಎಂಜಿನ್ ನಿಲ್ಲಿಸಿ, ಸ್ವಂತ ಟಿಪ್ಪಣಿ ಬರೆದು, ಬಳಿಕವೇ ಅದರೊಡನೆ ಹೋಲಿಸುವುದು ಲೇಸು.

ಫೋನಿನ ಸಣ್ಣ ಪರದೆಯಲ್ಲಿ ಹಲಗೆ ಮತ್ತು ಟಿಪ್ಪಣಿಗಳನ್ನು ಒಟ್ಟಿಗೆ ನೋಡುವುದು ಕಷ್ಟ, ಕಂಪ್ಯೂಟರೇ ವಾಸಿ. ಮಕ್ಕಳಿಗೆ ಕಲಿಸುವವರು ಸ್ಟಡಿಯಲ್ಲಿ ಈ ಆಟವಿರುವ ಅಧ್ಯಾಯವನ್ನು ಪಾಠದ ರೂಪಕ್ಕೆ ಬದಲಿಸಿಕೊಂಡರೆ ಮುಂದಿನ ನಡೆಯನ್ನು ಮಕ್ಕಳೇ ಹುಡುಕಬೇಕಾಗುತ್ತದೆ. ಇದಕ್ಕೆ ಕುದುರೆಯನ್ನು ಬಲಿಕೊಡುವ ಹತ್ತನೆಯ ನಡೆಯಿಂದ ಆರಂಭಿಸುವುದು ಸೂಕ್ತ.