ಡೆಬಿಯನ್ ಮೇಲೆ ಆರು ವರ್ಷ: ಲೈಸೆನ್ಸ್ ಓಡುತ್ತೆ, ಸಪೋರ್ಟ್ ಓಡಿಹೋಗುತ್ತೆ

ಟೂಲ್‌ಗೆ 4 ಸ್ಟಾರ್, ಸಪೋರ್ಟ್‌ಗೆ 1.

ಚಿಪ್ ಡಿಸೈನ್ ಸಿಮ್ಯುಲೇಟರ್ ಇದು. ಒಂದೇ ಮೆಷಿನ್‌ಗೆ ಕಟ್ಟಿದ ಶಾಶ್ವತ ಲೈಸೆನ್ಸ್, 2019ರ ಕೊನೆಗೆ ತಗೊಂಡಿದ್ದು. ಕಂಪನಿ ಹೆಸರು ಬರೆಯೋದಿಲ್ಲ. ನಮ್ಮದು ಬೆಂಗಳೂರಲ್ಲಿ ಮೂರು ಜನರ ಆಫೀಸು, ಎಲ್ಲಾ ಮೆಷಿನ್‌ಗಳಲ್ಲೂ ಡೆಬಿಯನ್, ಅಂದರೆ ಲಿನಕ್ಸ್‌ನ ಒಂದು ಬಗೆ (ಡಿಸ್ಟ್ರೋ). "ಲಿನಕ್ಸ್ ಸಪೋರ್ಟ್ ಇದೆ ಸಾರ್" ಅಂದಿದ್ದರು ಸೇಲ್ಸ್‌ನವರು. ಸುಳ್ಳೇನಲ್ಲ. ಅವರ ಪಟ್ಟಿಯಲ್ಲಿ ಲಿನಕ್ಸ್ ಅಂದರೆ ರೆಡ್ ಹ್ಯಾಟ್, ಸೆಂಟ್‌ಒಎಸ್, ಸೂಸೆ ಅನ್ನೋ ಡಿಸ್ಟ್ರೋಗಳು, ಅಷ್ಟೇ.

ಮೊದಲ ದಿನವೇ ತಮಾಷೆ. ಲೈಸೆನ್ಸ್ ಮ್ಯಾನೇಜರ್ (ಲೈಸೆನ್ಸ್ ಪರೀಕ್ಷಿಸೋ ಪ್ರೋಗ್ರಾಂ) ಶುರು ಮಾಡಿದರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಅಂತು. ಫೈಲ್ ಕಣ್ಣೆದುರೇ ಇದೆ! ಪರ್ಮಿಶನ್ ನೋಡಿದೆ, ಮತ್ತೆ ಡೌನ್‌ಲೋಡ್ ಮಾಡಿದೆ, ಅರ್ಧ ದಿನ ಹೋಯ್ತು. ಕೊನೆಗೆ ಗೊತ್ತಾಗಿದ್ದು, ಇಲ್ಲದಿರೋದು ಆ ಫೈಲ್ ಅಲ್ಲ, ಅದು ಕೇಳೋ ಲೋಡರ್, ಅಂದರೆ ಪ್ರೋಗ್ರಾಮನ್ನು ಮೆಮೊರಿಗೆ ತಂದು ಓಡಿಸೋ ಫೈಲ್. ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್ (ಎಲ್ಲಾ ಡಿಸ್ಟ್ರೋಗೂ ಒಂದೇ ನಿಯಮ ಅನ್ನೋ ಹಳೇ ಸ್ಟ್ಯಾಂಡರ್ಡ್) ಕಾಲದ ಹೆಸರಿನ ಲೋಡರ್ ಅದಕ್ಕೆ ಬೇಕು, ಡೆಬಿಯನ್ ಆ ಸ್ಟ್ಯಾಂಡರ್ಡ್‌ನ ಬಹುಪಾಲನ್ನು 2015ರಲ್ಲೇ ಕೈಬಿಟ್ಟಿದೆ. ಮಾಮೂಲಿ ಲೋಡರ್‌ಗೆ ಆ ಹೆಸರಲ್ಲೊಂದು ಸಿಮ್‌ಲಿಂಕ್ (ಅಡ್ಡಹೆಸರು) ಹಾಕಿದೆ, ಎದ್ದು ಕೂತಿತು. ಆಮೇಲೆ ಯುಎಸ್ಆರ್ ಕೆಳಗೆ ಟಿಎಂಪಿ (ತಾತ್ಕಾಲಿಕ ಫೈಲ್‌ಗಳ) ಡೈರೆಕ್ಟರಿ ಇಲ್ಲ ಅಂತ ರಗಳೆ. ಸೆಂಟ್‌ಒಎಸ್‌ನಲ್ಲಿ ಇರುತ್ತೆ, ಡೆಬಿಯನ್‌ನಲ್ಲಿ ಇರಲ್ಲ. ಅದನ್ನೂ ಮಾಡಿಕೊಟ್ಟೆ.

ಅಲ್ಲಿಂದ ಟೂಲ್ ಬಗ್ಗೆ ದೂರಿಲ್ಲ. ಸಂಜೆ ಹಾಕಿ ಮನೆಗೆ ಹೋದ ರನ್ ಬೆಳಿಗ್ಗೆ ಮುಗಿದಿರುತ್ತೆ.

ಲೈಸೆನ್ಸ್ ಫೈಲ್ ತೆರೆದು ನೋಡಿ. ಫೀಚರ್ ಹೆಸರು, ಆವೃತ್ತಿ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಅಡ್ರೆಸ್ (ಆ ಕಾರ್ಡಿನ ಗುರುತಿನ ಸಂಖ್ಯೆ), ಕೊನೆಗೊಂದು ಉದ್ದನೆ ಸಹಿ. ಡಿಸ್ಟ್ರೋ ಸುದ್ದಿಯೇ ಇಲ್ಲ. ಬೇಲಿ ಇರೋದು ಸಪೋರ್ಟ್ ಒಪ್ಪಂದದಲ್ಲಿ, ಅದಕ್ಕೆ ವರ್ಷವರ್ಷ ಮೇಂಟೆನೆನ್ಸ್ ಕಟ್ಟೋರು ನಾವು.

2022ರಲ್ಲಿ ವೇವ್‌ಫಾರ್ಮ್ ವ್ಯೂವರ್ (ಸಿಗ್ನಲ್‌ಗಳ ಗ್ರಾಫ್ ತೋರಿಸೋ ಭಾಗ) ಕ್ರ್ಯಾಶ್ ಆಗತೊಡಗಿತು. ಸಪೋರ್ಟ್‌ಗೆ ಟಿಕೆಟ್ (ದೂರು) ಹಾಕಿದೆ. ಒಂದೇ ಸಾಲಿನ ಉತ್ತರ: ನಿಮ್ಮ ಓಎಸ್ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿರೋದರ ಮೇಲೆ ತೋರಿಸಿ. ಸರಿ, ಸೆಂಟ್‌ಒಎಸ್ 7ರ ಕಂಟೇನರ್‌ನಲ್ಲಿ, ಅಂದರೆ ಡೆಬಿಯನ್ ಒಳಗೇ ಪ್ರತ್ಯೇಕ ಮಾಡಿದ ಸೆಂಟ್‌ಒಎಸ್ ಪರಿಸರದಲ್ಲಿ, ಟೂಲ್ ಹಾಕಿದೆ. ಕಂಟೇನರ್‌ಗೆ ತನ್ನದೇ ನಕಲಿ ನೆಟ್‌ವರ್ಕ್ ಕಾರ್ಡ್, ಹಾಗಾಗಿ ಮ್ಯಾಕ್ ಬೇರೆ, ಲೈಸೆನ್ಸ್ ಎರರ್ ಮೈನಸ್ 9, "ಇನ್‌ವ್ಯಾಲಿಡ್ ಹೋಸ್ಟ್". ಹೋಸ್ಟ್ ನೆಟ್‌ವರ್ಕನ್ನೇ ಕೊಟ್ಟ ಮೇಲೆ ಒಪ್ಪಿತು. ಅಲ್ಲೂ ಅದೇ ಕ್ರ್ಯಾಶ್. ಖುಷಿಯಿಂದ ಲಾಗ್ ಕಳಿಸಿದೆ. ಕಂಟೇನರ್ ಒಳಗೆ ಸೆಂಟ್‌ಒಎಸ್ ಆದರೂ ಕರ್ನಲ್ (ಓಎಸ್‌ನ ತಿರುಳು) ಹೊರಗಿನದೇ ಅಲ್ವಾ, ಲಾಗಿನ ಮೂರನೇ ಸಾಲಲ್ಲಿ "ಡೆಬಿಯನ್" ಅಂತ ಅಚ್ಚಾಗಿತ್ತು. ಟಿಕೆಟ್ ಕ್ಲೋಸ್. ಕ್ರ್ಯಾಶ್ ಬಗ್ಗೆ ಒಂದಕ್ಷರವಿಲ್ಲ.

ಕೊನೆಗೊಂದು ಹಳೇ ಎಸ್‌ಎಸ್‌ಡಿಗೆ ಸೆಂಟ್‌ಒಎಸ್ 7 ಹಾಕಿ ಅದೇ ಮೆಷಿನ್ ಬೂಟ್ ಮಾಡಿದೆ. ಕಾರ್ಡ್ ಅದೇ, ಮ್ಯಾಕ್ ಅದೇ, ಲೈಸೆನ್ಸ್ ಕೂಡಲೇ ಒಪ್ಪಿತು. ಕ್ರ್ಯಾಶ್ ಕೂಡ ಅದೇ ಜಾಗದಲ್ಲಿ. ಆಗ ಅದು "ಬಗ್" ಅನ್ನಿಸಿಕೊಂಡಿತು, ನಾಲ್ಕು ತಿಂಗಳಿಗೆ ಪ್ಯಾಚ್ ಬಂತು. ಪ್ಯಾಚ್ ಹಾಕಿದ ಮೇಲೆ ಡೆಬಿಯನ್‌ನಲ್ಲೂ ಸರಿಹೋಯ್ತು ಅಂತ ಬೇರೆ ಹೇಳಬೇಕಿಲ್ಲ.

ಎಲ್ಲಾ ಡಿಸ್ಟ್ರೋಗಳಲ್ಲೂ ಪರೀಕ್ಷಿಸಿ ಅಂತ ಯಾರೂ ಕೇಳಲ್ಲ. ಜಿಲಿಬ್‌ಸಿ (ಪ್ರೋಗ್ರಾಂಗಳು ನೆಚ್ಚೋ ಮೂಲ ಲೈಬ್ರರಿ) ಆವೃತ್ತಿ ಒಂದೊಂದರಲ್ಲಿ ಒಂದೊಂದು, ಆ ಕಷ್ಟ ನನಗೂ ಗೊತ್ತು. ಕ್ರ್ಯಾಶಿನ ಸ್ಟ್ಯಾಕ್ ಟ್ರೇಸ್ (ಕೋಡ್ ಎಲ್ಲಿ ಬಿತ್ತು ಅನ್ನೋ ದಾಖಲೆ) ಒಮ್ಮೆ ಓದಬಹುದಿತ್ತು ಅನ್ನೋದಷ್ಟೇ ನನ್ನ ಸಿಟ್ಟು. ಅಂದಹಾಗೆ ಸೆಂಟ್‌ಒಎಸ್ 8 2021ರ ಡಿಸೆಂಬರ್ 31ಕ್ಕೇ ಕಣ್ಣು ಮುಚ್ಚಿತ್ತು, 7ಕ್ಕೆ 2024ರ ಜೂನ್ 30 ಕೊನೆ. ಅದಾಗಿ ತಿಂಗಳುಗಟ್ಟಲೆ ಇವರ ಪಟ್ಟಿಯಲ್ಲಿ 7 ಹಾಗೇ ಇತ್ತು. ಸೆಕ್ಯುರಿಟಿ ಅಪ್‌ಡೇಟ್ ನಿಂತ ಓಎಸ್‌ಗೆ ಸಪೋರ್ಟ್ ಉಂಟು, ವಾರವಾರ ಅಪ್‌ಡೇಟ್ ಆಗೋ ಡೆಬಿಯನ್‌ಗೆ ಇಲ್ಲ!

ತಗೊಳ್ಳೋರು ಸಹಿ ಮಾಡೋ ಮುಂಚೆ ಒಂದು ಕೇಳಿ: ಪಟ್ಟಿಯಾಚೆಯ ಡಿಸ್ಟ್ರೋದಿಂದ ಟಿಕೆಟ್ ಬಂದರೆ ಓದ್ತೀರಾ, ಇಲ್ವಾ? ಉತ್ತರ ಇಮೇಲ್‌ನಲ್ಲೇ ಬರಲಿ.

ಈ ವರ್ಷ ಮೇಂಟೆನೆನ್ಸ್ ಕಟ್ಟಿಲ್ಲ. ಇರೋ ಆವೃತ್ತಿ ಓಡ್ತಿದೆ. ಆ ಎಸ್‌ಎಸ್‌ಡಿ ಡ್ರಾಯರ್‌ನಲ್ಲಿದೆ, ಮೇಲೆ "ಸಪೋರ್ಟ್‌ನವರಿಗೆ ತೋರಿಸೋಕೆ" ಅಂತ ಚೀಟಿ.