ಸ್ಟೀಲಾ, ಅಲ್ಯೂಮಿನಿಯಮ್ಮಾ? ಎರಡು ಟ್ರ್ಯಾಕ್ ಸೈಕಲ್, ಒಂದೇ ಆಫೀಸು ದಾರಿ

ಟ್ರ್ಯಾಕ್ ಸೈಕಲ್ ಆಫೀಸಿಗೆ ಹೋಗಿಬರಲೆಂದು ಮಾಡಿದ್ದಲ್ಲ. ವೆಲೋಡ್ರೋಮ್‌ನಲ್ಲಿ, ಅಂದರೆ ಸೈಕಲ್ ರೇಸಿನ ಮೈದಾನದಲ್ಲಿ, ಸುತ್ತು ಹೊಡೆಯೋಕೆ ಮಾಡಿದ್ದು. ಗೇರ್ ಒಂದೇ. ಫ್ರೀವೀಲ್ ಇಲ್ಲ, ಹಾಗಾಗಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿಗೆ ಬಿಡುವೇ ಇಲ್ಲ. ಆದರೂ ನನಗೆ ದಿನದ ಓಡಾಟಕ್ಕೆ ಇದೇ ಇಷ್ಟ, ಯಾಕೆಂದರೆ ಇದರಲ್ಲಿ ಕೆಡುವ ಸಾಮಾನು ಬಹಳ ಕಡಿಮೆ. ಚೈನ್ ಒರೆಸಿ ಎಣ್ಣೆ ಬಿಟ್ಟರೆ ವಾರದ ಕೆಲಸ ಮುಗಿಯಿತು.

ನನ್ನ ಬಳಿ ಎರಡಿವೆ. ಒಂದು ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಸ್ಟೀಲಿನದು, ತೆಳ್ಳಗಿನ ದುಂಡು ಪೈಪುಗಳು, ಮುಂದಿನ ಚಕ್ರ ಹಿಡಿದಿರುವ ಫೋರ್ಕೂ ಸ್ಟೀಲು, ಮುಂದಕ್ಕೆ ಬಾಗಿದ್ದು. ಇನ್ನೊಂದು ಅಲ್ಯೂಮಿನಿಯಂ, ದಪ್ಪ ಪೈಪು, ನೇರ ಫೋರ್ಕು, ನೋಡಿದರೇನೇ ಓಡಬೇಕು ಅನ್ನಿಸುತ್ತದೆ. ದಿನಕ್ಕೆ 22 ಕಿ.ಮೀ. ದಾರಿ. ಒಂದು ತಿಂಗಳು ಇದು, ಒಂದು ತಿಂಗಳು ಅದು, ಹೀಗೆ ಒಂದು ವರ್ಷ ಓಡಿಸಿದೆ. ಎರಡಕ್ಕೂ ಮುಂದಿನ ಹಲ್ಲುಚಕ್ರದಲ್ಲಿ 46 ಹಲ್ಲು, ಹಿಂದಿನದರಲ್ಲಿ 17. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 5.7 ಮೀಟರ್ ಮುಂದಕ್ಕೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 30 ಕಿ.ಮೀ. ದಾಟುತ್ತದೆ.

'ಸ್ಟೀಲ್ ಮೆತ್ತಗೆ, ಅಲ್ಯೂಮಿನಿಯಂ ಒರಟು.' ಎಲ್ಲರೂ ಹೇಳೋದು ಇದೇ, ಅಲ್ವಾ? ಮೊದಲ ಎರಡು ತಿಂಗಳು ನನಗೂ ಹಾಗೇ ಅನ್ನಿಸಿತು. ಅಲ್ಯೂಮಿನಿಯಂ ದಿನಗಳಲ್ಲಿ ಮನೆ ಸೇರುವಾಗ ಮಣಿಕಟ್ಟು ಜುಮ್ಮೆನ್ನುತ್ತಿತ್ತು. ಆಮೇಲೆ ಒಂದು ಸಂಗತಿ ಹೊಳೆಯಿತು. ಸ್ಟೀಲ್ ಸೈಕಲ್ಲಿನಲ್ಲಿ ಇದ್ದದ್ದು 28 ಮಿ.ಮೀ. ಅಗಲದ ಟೈರು, ಅಲ್ಯೂಮಿನಿಯಮ್ಮಿನಲ್ಲಿ 23. ಎರಡರಲ್ಲೂ ಹಿಂದಿನ ಚಕ್ರದ ನಡುವಿನ ಹಬ್‌ನ ಅಗಲ 120 ಮಿ.ಮೀ., ಚಕ್ರಗಳನ್ನು ಅದಲುಬದಲು ಮಾಡೋದು ಸುಲಭ. ಒಂದು ಜೊತೆ 25ರ ಟೈರಿನ ಚಕ್ರಗಳನ್ನು ಇಟ್ಟುಕೊಂಡು, ಗಾಳಿಯನ್ನೂ ಗೇಜಿನಲ್ಲಿ ಅಳೆದು, ಅದನ್ನೇ ಎರಡಕ್ಕೂ ಹಾಕಿ ಅದೇ ದಾರಿಯಲ್ಲಿ ಹೋದೆ. ಸೀಟಿನ ಕೆಳಗಿನ ವ್ಯತ್ಯಾಸ ಹೆಚ್ಚುಕಡಿಮೆ ಮಾಯ! ನಾನು ಅಷ್ಟು ದಿನ ಹೊಗಳಿದ್ದು ಸ್ಟೀಲನ್ನಲ್ಲ, ಟೈರಿನೊಳಗಿನ ಗಾಳಿಯನ್ನು.

ಲೋಹದಲ್ಲಿ ವ್ಯತ್ಯಾಸ ಇಲ್ಲವೆಂದಲ್ಲ. ಅಲ್ಯೂಮಿನಿಯಂ ತೂಕದಲ್ಲಿ ಸ್ಟೀಲಿನ ಮೂರನೇ ಒಂದು ಭಾಗ, ಬಾಗದೆ ನಿಲ್ಲುವ ಗುಣದಲ್ಲೂ ಸರಿಸುಮಾರು ಮೂರನೇ ಒಂದು ಭಾಗ. ಲೋಹವಾಗಿ ಅದೇ ಜಾಸ್ತಿ ಬಾಗುವಂಥದ್ದು. ಅದಕ್ಕೇ ಪೈಪನ್ನು ದಪ್ಪ ಮಾಡುತ್ತಾರೆ. ಪೈಪಿನ ಅಡ್ಡಳತೆ ಹೆಚ್ಚಿದಂತೆ ಬಾಗದೆ ನಿಲ್ಲುವ ಗುಣ ಬಲು ಬೇಗ ಏರುತ್ತದೆ, ಒಟ್ಟು ಫ್ರೇಮು ಸ್ಟೀಲಿಗಿಂತ ಬಿಗಿಯಾಗಿಬಿಡುತ್ತದೆ. ಆ ಬಿಗಿ ನನಗೆ ಗೊತ್ತಾದದ್ದು ಎರಡು ಕಡೆ ಮಾತ್ರ. ಒಂದು, ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ. ಒಂದೇ ಗೇರು, ಎದ್ದು ನಿಂತು ಪೆಡಲ್ ಒತ್ತಬೇಕು. ಅಲ್ಯೂಮಿನಿಯಂ ಒತ್ತಿದ ಕೂಡಲೇ ಹೊರಡುತ್ತದೆ, ಸ್ಟೀಲು ಕೊಂಚ ಮೈಮುರಿದು ಹೊರಟಂತೆ ಅನ್ನಿಸುತ್ತದೆ. ಗಡಿಯಾರ ಹಿಡಿದರೆ ಒಂದು ನಿಮಿಷವೂ ಉಳಿಯುವುದಿಲ್ಲ. ಖುಷಿಯ ಲೆಕ್ಕ ಬೇರೆ, ಬಿಡಿ. ಇನ್ನೊಂದು ಕಡೆ ಹ್ಯಾಂಡಲ್. ಒಂದೇ ಟೈರು ಹಾಕಿದಾಗಲೂ ಬಾಗಿದ ಸ್ಟೀಲ್ ಫೋರ್ಕು ಕೈಗೆ ಮೆತ್ತಗಿತ್ತು. ಇದು ಭ್ರಮೆಯಲ್ಲ ಎಂದು ನನಗೆ ಖಾತ್ರಿ, ಗುಂಡಿ ಬಿದ್ದ ಒಂದೇ ತಿರುವಿನಲ್ಲಿ ಹತ್ತಾರು ಸಲ ನೋಡಿದ್ದೇನೆ.

ತೂಕ? ಸ್ಟೀಲು 9 ಕಿಲೋ, ಅಲ್ಯೂಮಿನಿಯಂ 8. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ ಮೇಲೆ ಆ ಒಂದು ಕಿಲೋ ಲೆಕ್ಕಕ್ಕೇ ಬರುವುದಿಲ್ಲ. ದಿನಾ ಸೈಕಲ್ ಹೊತ್ತು ಮೆಟ್ಟಿಲು ಹತ್ತುವವರಿಗೆ ಬಂದೀತು.

ಮಳೆಯ ವಿಷಯ ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು. ಟ್ರ್ಯಾಕ್ ಫ್ರೇಮಿನಲ್ಲಿ ಮಡ್‌ಗಾರ್ಡ್ ಕೂರಿಸುವ ತೂತೇ ಇರುವುದಿಲ್ಲ. ಹಿಂದಿನ ಚಕ್ರ ಎರಚುವ ನೀರು ನೇರ ಸೀಟಿನ ಪೈಪಿಗೆ ಬಡಿಯುತ್ತದೆ. ಆ ಪೈಪಿನ ತುದಿಯಲ್ಲಿ, ಹಿಂಬದಿಗೇ, ಸೀಟು ಬಿಗಿ ಮಾಡುವ ಸೀಳು ಇರುತ್ತದೆ. ನೀರು ಒಳಗೆ ಇಳಿಯೋಕೆ ಅಷ್ಟು ಸಾಕು. ಮಳೆಯಲ್ಲಿ ಎರಡು ತಿಂಗಳು ಓಡಿಸಿದ ಮೇಲೆ ಸ್ಟೀಲ್ ಫ್ರೇಮಿನ ಸೀಟು ಕಿತ್ತು, ಸೈಕಲ್ಲನ್ನು ತಲೆಕೆಳಗು ಮಾಡಿದೆ. ಕಂದು ನೀರು ಸುರಿಯಿತು. ಹೊರಗಿನ ಬಣ್ಣ ಹೊಸದರಂತೇ ಇತ್ತು, ಒಳಗೊಳಗೇ ತುಕ್ಕು. ಅವತ್ತು ಒಳಗೆಲ್ಲ ಎಣ್ಣೆ ಹೊಯ್ದು, ಹಳೇ ಟ್ಯೂಬಿನ ತುಂಡೊಂದನ್ನು ಬಳೆಯ ಹಾಗೆ ಸೀಟಿನ ಕೀಲಿಗೆ ತೊಡಿಸಿದೆ. ಆಮೇಲೆ ಒಳಗೆ ನೀರು ಕಂಡಿಲ್ಲ. ನೋಡೋಕೆ ಚೆಂದವಿಲ್ಲ, ಇರಲಿ.

ಹಾಗೆಂದು ಅಲ್ಯೂಮಿನಿಯಮ್ಮಿಗೆ ಮಳೆಯ ಗೊಡವೆ ಇಲ್ಲ ಅಂದುಕೊಳ್ಳಬೇಡಿ. ಅದು ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಸರಿ. ಆದರೆ ಸ್ಟೀಲ್ ಬೋಲ್ಟು ತಾಗಿದ ಕಡೆ ನೀರು ನಿಂತರೆ ಬಿಳಿ ಪುಡಿ ಕಟ್ಟುತ್ತದೆ. ಗ್ರೀಸ್ ಹಾಕದೆ ಬಿಟ್ಟರೆ ಬೋಲ್ಟು ಕಚ್ಚಿಕೊಳ್ಳುತ್ತದೆ. ನನ್ನದರಲ್ಲಿ ಒಂದು ಬೋಲ್ಟಿನ ತಲೆಯೇ ಸವೆದುಹೋಯಿತು, ಕೊನೆಗೆ ಡ್ರಿಲ್ ಹಾಕಿ ತೆಗೆಸಿದೆ.

ಇನ್ನು ಪೆಟ್ಟು. ಓಡಿಸುವಾಗ ಬಿದ್ದದ್ದಕ್ಕಿಂತ ನಿಲ್ಲಿಸಿದಾಗ ಬಿದ್ದ ಪೆಟ್ಟೇ ಜಾಸ್ತಿ. ಪಾರ್ಕಿಂಗಿನಲ್ಲಿ ಯಾರದೋ ಬೈಕು ಒರಗಿ ಸ್ಟೀಲ್ ಸೈಕಲ್ಲಿನ ಹಿಂಭಾಗ 4 ಮಿ.ಮೀ. ಒಂದು ಕಡೆಗೆ ವಾಲಿತು. ರಿಪೇರಿಯವರು ಹಿಂದಿನ ಚಕ್ರ ಕೂರುವ ಒಂದು ಕೊಕ್ಕೆಯಿಂದ ಹೊರಟು, ಫ್ರೇಮಿನ ಮುಂದಿನ ಪೈಪಿಗೆ ಸುತ್ತು ಹಾಕಿಸಿ, ಇನ್ನೊಂದು ಬದಿಯ ಕೊಕ್ಕೆಗೆ ದಾರ ಕಟ್ಟಿದರು. ಎರಡೂ ಬದಿಯ ದಾರಕ್ಕೂ ಸೀಟಿನ ಪೈಪಿಗೂ ಇರುವ ಅಂತರ ಅಳೆದರು. ಆಮೇಲೆ ಸನ್ನೆ ಹಾಕಿ ಎಳೆದು ನೆಟ್ಟಗೆ ಮಾಡಿಕೊಟ್ಟರು. ಬಿಸಿ ಕೂಡ ಮಾಡಲಿಲ್ಲ. ಅಲ್ಯೂಮಿನಿಯಂ ಫ್ರೇಮಿಗೆ ಹೀಗೆ ಮಾಡಿಸೋಕೆ ಹೋಗಬೇಡಿ, ಬಿರುಕು ಬಿಡುತ್ತದೆ. ಅದಕ್ಕೆ ಬಿದ್ದ ಪೆಟ್ಟು ಬೇರೆ ಥರದ್ದು: ಸೈಕಲ್ ಜಾರಿ ಹ್ಯಾಂಡಲ್ ಗಿರಕ್ಕನೆ ತಿರುಗಿ ಮೇಲಿನ ಪೈಪಿಗೆ ಬಡಿದು, ಹೆಬ್ಬೆರಳು ಕೂರುವಷ್ಟು ನೆಗ್ಗಿತು. ಪೈಪು ದಪ್ಪ ಕಾಣುತ್ತದೆ, ಗೋಡೆ ತೆಳು. ತಪ್ಪು ನನ್ನದೇ. ಮೊದಲೇ ಅಲ್ಲೊಂದು ರಬ್ಬರ್ ಪಟ್ಟಿ ಸುತ್ತಬೇಕಿತ್ತು.

ಚಕ್ರ ಬಿಚ್ಚಿ ಹಾಕುವ ಕೊಕ್ಕೆಯನ್ನೂ ನೋಡಿ. ಟ್ರ್ಯಾಕ್ ಸೈಕಲ್ಲಿನಲ್ಲಿ ಅದು ಹಿಂದಕ್ಕೆ ಬಾಯಿ ತೆರೆದಿರುತ್ತದೆ. ಚಕ್ರವನ್ನು ಹಿಂದಕ್ಕೆಳೆದು ಚೈನ್ ಬಿಗಿ ಮಾಡಿ 15ರ ಸ್ಪ್ಯಾನರಿನಲ್ಲಿ ನಟ್ಟು ಕೂರಿಸಬೇಕು. ಪಂಕ್ಚರ್ ಆದಾಗೆಲ್ಲ ಇದೇ ಕೆಲಸ. ಅಲ್ಯೂಮಿನಿಯಂ ಮೆದು, ಪ್ರತಿ ಸಲವೂ ನಟ್ಟಿನ ಹಲ್ಲು ಅದನ್ನು ತಿನ್ನುತ್ತದೆ. ಕೊಕ್ಕೆಯ ಮೇಲೆ ಸ್ಟೀಲ್ ತಗಡು ಕೂರಿಸಿದ ಫ್ರೇಮುಗಳಿವೆ, ನನ್ನದರಲ್ಲಿ ಇರಲಿಲ್ಲ.

ಬ್ರೇಕ್ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಪೆಡಲನ್ನು ಕಾಲಿನಲ್ಲೇ ತಡೆದು ನಿಲ್ಲಿಸುತ್ತೇನೆ ಅನ್ನುವವರು ಅನ್ನಲಿ, ರಸ್ತೆಯಲ್ಲಿ ಮುಂದಿನ ಬ್ರೇಕ್ ಬೇಕೇ ಬೇಕು. ಚೈನ್ ಕಳಚಿದರೆ ಕಾಲು ಏನು ಮಾಡುತ್ತದೆ? ನನ್ನ ಸ್ಟೀಲ್ ಫೋರ್ಕಿನಲ್ಲಿ ಬ್ರೇಕ್ ಕೂರಿಸುವ ತೂತು ಇತ್ತು. ಅಲ್ಯೂಮಿನಿಯಂ ಸೈಕಲ್ ಅಪ್ಪಟ ಟ್ರ್ಯಾಕಿನದು, ತೂತಿರಲಿಲ್ಲ. ನಾವೇ ತೂತು ಕೊರೆಯುವುದು ಹುಚ್ಚುತನ. ಫೋರ್ಕನ್ನೇ ಬದಲಿಸಿದೆ. ಈಗಿನ ಅಳತೆಯ ಫೋರ್ಕ್ ಆದ್ದರಿಂದ ಸುಲಭವಾಗಿ ಸಿಕ್ಕಿತು. ಹಳೇ ಸ್ಟೀಲ್ ಫ್ರೇಮಿನ ಒಂದಿಂಚಿನ ಫೋರ್ಕಾಗಿದ್ದರೆ ಹುಡುಕಾಟ ಜಾಸ್ತಿಯಾಗುತ್ತಿತ್ತು.

ಆಯುಸ್ಸಿನ ಮಾತೂ ಬರುತ್ತದೆ. ಒಂದು ಮಿತಿಯೊಳಗಿನ ಒತ್ತಡ ಎಷ್ಟು ಸಲ ಬಿದ್ದರೂ ಸ್ಟೀಲು ತಡೆಯುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿ ಇಲ್ಲ, ಸಣ್ಣ ಸಣ್ಣ ಒತ್ತಡವೂ ಸೇರುತ್ತಾ ಹೋಗುತ್ತದೆ. ಭಯಪಡಬೇಕಿಲ್ಲ, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಫ್ರೇಮು ಮಾಡಿರುತ್ತಾರೆ. ತೊಳೆಯುವಾಗ ಪೆಡಲಿನ ಹತ್ತಿರದ ವೆಲ್ಡಿಂಗ್ ಮೇಲೊಮ್ಮೆ ಕಣ್ಣು ಹಾಯಿಸಿ, ಸಾಕು.

ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ದಿನದ ಸೈಕಲ್ಲಾಗಿ ನಾನು ಸ್ಟೀಲನ್ನೇ ಇಟ್ಟುಕೊಂಡೆ. ಆದರೆ ಅದು ಸ್ಟೀಲು ಅನ್ನುವುದಕ್ಕಲ್ಲ. ಅದಕ್ಕೆ 28ರ ಟೈರು ಹಿಡಿಸುತ್ತದೆ, ಬ್ರೇಕಿನ ತೂತಿದೆ, ವಾಲಿದರೆ ನೆಟ್ಟಗಾಗುತ್ತದೆ. ಮೊದಲ ಎರಡೂ ಇರುವ ಅಲ್ಯೂಮಿನಿಯಂ ಫ್ರೇಮು ನಿಮಗೆ ಸಿಕ್ಕರೆ, ಮಳೆಯಲ್ಲೂ ಓಡಿಸುವವರಾದರೆ, ಅದನ್ನೇ ತಗೊಳ್ಳಿ. ಕೊಳ್ಳುವ ಮುಂಚೆ ಆರು ಮೂಲೆಯ ಕಡ್ಡಿಯಂಥ 5 ಮಿ.ಮೀ. ಆಲನ್ ಕೀ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. 25ರ ಟೈರು ಹಾಕಿರುವಾಗ ಟೈರಿಗೂ ಫ್ರೇಮಿಗೂ ನಡುವೆ, ಎರಡು ಬದಿ ಮತ್ತು ಮೇಲೆ, ಅದು ಸಲೀಸಾಗಿ ಹೋಗಬೇಕು, 28ರದ್ದೂ ಹಿಡಿಸಬೇಕಲ್ಲ. ಫೋರ್ಕಿನ ಕೆಳಗೂ ಮರೆಯದೆ ತೂರಿಸಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.